ಲಿಸ್ಬನ್ ದಾರಿಯಿಂದ ಬಂದ ವಿಜಯನಗರ

ಬೆಂಗಳೂರಿನ ಉತ್ತರದಂಚಿನ ವಿದ್ಯಾರಣ್ಯಪುರದಲ್ಲಿ ಬಿಇಎಲ್ ಲೇಔಟ್ ಇದೆ, ಎಚ್‌ಎಂಟಿ ಲೇಔಟ್ ಇದೆ, ಎನ್‌ಟಿಐ ಲೇಔಟ್ ಇದೆ. ಜಾಲಹಳ್ಳಿಯ ಕಾರ್ಖಾನೆಗಳಲ್ಲಿ ದುಡಿದ ಒಂದು ತಲೆಮಾರು ಸಾಲ ಮಾಡಿ, ಸೊಸೈಟಿ ಸೈಟು ಹಿಡಿದು, ಮನೆ ಕಟ್ಟಿಕೊಂಡ ಕಡೆ ಇದು. ಇಂಥ ಕಾರ್ಖಾನೆ ಕಾಲದ ಬಡಾವಣೆಗೆ ಹದಿನಾಲ್ಕನೇ ಶತಮಾನದ ಅದ್ವೈತಿ ಸಂನ್ಯಾಸಿಯೊಬ್ಬರ ಹೆಸರು ಬಂದಿದೆ. ಹೆಸರು ಕೇಳಿ ಯಾರೂ ಹುಬ್ಬೇರಿಸುವುದಿಲ್ಲ. ಶಾಲೆಗೆ ಹೋಗುವ ಯಾವ ಮಗುವನ್ನು ಕೇಳಿದರೂ ಕತೆ ಬರುತ್ತದೆ. ಹಕ್ಕ-ಬುಕ್ಕರು ಬೇಟೆಗೆ ಹೋದರು, ಮೊಲವೊಂದು ಬೇಟೆನಾಯಿಗಳನ್ನೇ ಅಟ್ಟಿಸಿಕೊಂಡು ಬಂತು, ಗುರು ವಿದ್ಯಾರಣ್ಯರು ಇದು ಗಂಡುಮೆಟ್ಟಿನ ನೆಲ ಎಂದರು, 1336ರಲ್ಲಿ ವಿಜಯನಗರ ಎದ್ದಿತು. ಬೀದಿಯಲ್ಲಿ ಮುತ್ತುರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರು. 1565ರಲ್ಲಿ ತಾಳಿಕೋಟೆ, ಅಲ್ಲಿಗೆ ಎಲ್ಲ ಮುಗಿಯಿತು.

ಕತೆ ನಮ್ಮದೇ, ಅನುಮಾನವಿಲ್ಲ. ಆದರೆ ಅದು ಇದೇ ಕಟ್ಟಿನಲ್ಲಿ, ಇಷ್ಟೇ ಹೆಮ್ಮೆ ಮತ್ತು ಇಷ್ಟೇ ಸಂಕಟದೊಂದಿಗೆ ನಮ್ಮ ಪಠ್ಯಪುಸ್ತಕ ಸೇರಿದ ದಾರಿ ಮಾತ್ರ ಸುತ್ತುಬಳಸಿನದು. ಪ್ಯಾರಿಸ್ಸಿನ ಗ್ರಂಥಾಲಯ, ಲಿಸ್ಬನ್ನಿನ ಅಚ್ಚುಮನೆ, ಲಂಡನ್ನಿನ ಪ್ರಕಾಶಕ, ಕೊನೆಗೆ ವಕೀಲಿ ಓದಿದ್ದ ಧಾರವಾಡದ ಒಬ್ಬರ ಮೇಜು. ನಮ್ಮ ವೈಭವವನ್ನು ನಾವು ಪರರ ಪುಸ್ತಕದಲ್ಲಿ ಓದಿ ತಿಳಿದುಕೊಂಡೆವು ಎಂದರೆ ಕೆಲವರಿಗೆ ಸಿಟ್ಟು ಬರಬಹುದು. ಓದಿದ್ದಕ್ಕೆ ನಾಚಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ಆ ಪುಸ್ತಕದಲ್ಲಿ ಯಾವ ಹಾಳೆಗಳಿರಲಿಲ್ಲ ಎಂದು ಮಾತ್ರ ನೋಡಬೇಕು.

1897ರಲ್ಲಿ ಡೇವಿಡ್ ಲೋಪೆಸ್ ಎಂಬ ಪೋರ್ಚುಗೀಸ್ ವಿದ್ವಾಂಸರು ಲಿಸ್ಬನ್ನಿನಲ್ಲಿ ಎರಡು ಹಳೆಯ ಬರಹಗಳನ್ನು ಅಚ್ಚು ಹಾಕಿಸಿದರು. ಅವುಗಳ ಹಸ್ತಪ್ರತಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿತ್ತು. ಒಂದು, ಕೃಷ್ಣದೇವರಾಯನ ಆಳ್ವಿಕೆಯಲ್ಲಿ, 1520ರ ಆಸುಪಾಸು, ಕುದುರೆ ಮಾರಲು ಬಂದವರ ಜತೆ ವಿಜಯನಗರಕ್ಕೆ ಬಂದ ಡೊಮಿಂಗೊ ಪಾಯೆಸ್ ಬರೆದದ್ದು. ಇನ್ನೊಂದು, ಅಚ್ಯುತರಾಯನ ಕಾಲದಲ್ಲಿ, 1535ರ ಸುಮಾರಿಗೆ, ಫೆರ್ನಾವೊ ನುನೆಸ್ ಬರೆದದ್ದು. ಮದ್ರಾಸ್ ಸಿವಿಲ್ ಸರ್ವಿಸಿನಲ್ಲಿದ್ದ ರಾಬರ್ಟ್ ಸಿವೆಲ್ ಇವೆರಡನ್ನೂ ಇಂಗ್ಲಿಷಿಗೆ ತಂದು, ಮುಂದೆ ತಮ್ಮದೇ ಚರಿತ್ರೆಯನ್ನು ಜೋಡಿಸಿ, 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಎಂಬ ಪುಸ್ತಕ ಹೊರತಂದರು.

ಪಾಯೆಸ್ ಒಳ್ಳೆಯ ಕಣ್ಣಿನ ಮನುಷ್ಯ. ಗುಡ್ಡ ಹತ್ತಿ ಊರು ನೋಡಿದ, ಪೂರ್ತಿ ಕಾಣಲಿಲ್ಲ, ಕಂಡಷ್ಟೇ ರೋಮಿನಷ್ಟಿದೆ ಎಂದ. ಮನೆಗಳ ನಡುವಿನ ತೋಪುಗಳು, ನೀರಿನ ಕಾಲುವೆಗಳು, ಪೇಟೆಯ ಗುಲಾಬಿ, ಮಾಣಿಕ್ಯ-ವಜ್ರ-ಮುತ್ತುಗಳ ವ್ಯಾಪಾರ, ಮಹಾನವಮಿಯ ಒಂಬತ್ತು ದಿನದ ಕುಸ್ತಿ-ಕುಣಿತ ಎಲ್ಲವನ್ನೂ ಬರೆದ. ಬೆಳಗಿನ ಜಾವ ಎಳ್ಳೆಣ್ಣೆ ಕುಡಿದು, ಮೈಗೆ ಹಚ್ಚಿಕೊಂಡು, ಸಾಮು ಮಾಡುವ ದೊರೆಯನ್ನು ನಮಗೆ ಕೊಟ್ಟವನು ಅವನೇ. ನಮ್ಮ ನಾಟಕ-ಸಿನಿಮಾಗಳ ಕೃಷ್ಣದೇವರಾಯನ ಹಿಂದೆ ಈ ಕುದುರೆ ವ್ಯಾಪಾರಿಗಳ ಜತೆಗಾರ ನಿಂತಿದ್ದಾನೆ.

ಪಾಯೆಸನ ಕಣ್ಣಿನ ತಂಟೆಗೆ ನಾನು ಹೋಗುವುದಿಲ್ಲ. ಗಮನಿಸಬೇಕಾದ್ದು ಸಿವೆಲ್ ಹಾಕಿದ ಚೌಕಟ್ಟನ್ನು. ಅವರ ಪ್ರಕಾರ ವಿಜಯನಗರವೆಂದರೆ ಉತ್ತರದಿಂದ ನುಗ್ಗಿ ಬಂದ ಮುಸ್ಲಿಂ ಸೇನೆಗಳನ್ನು ಎರಡು ಶತಮಾನಕ್ಕೂ ಹೆಚ್ಚು ಕಾಲ ತಡೆದು ನಿಲ್ಲಿಸಿದ ಹಿಂದೂ ಗೋಡೆ. ಗೋಡೆ ಬಿದ್ದಿತು, ಜನ ಮರೆತರು, ಕಾಡು ಬೆಳೆಯಿತು. 1817ರಲ್ಲೇ ಜೇಮ್ಸ್ ಮಿಲ್ ಭಾರತದ ಚರಿತ್ರೆಯನ್ನು ಹಿಂದೂ ಕಾಲ, ಮುಸ್ಲಿಂ ಕಾಲ, ಬ್ರಿಟಿಷ್ ಕಾಲ ಎಂದು ಹೋಳು ಮಾಡಿಟ್ಟಿದ್ದ. ಸಿವೆಲ್ ಅದರಲ್ಲೇ ಒಂದು ಅಧ್ಯಾಯ ಬರೆದರು. ನಾವು ಬರುವ ಮೊದಲು ಇಲ್ಲಿ ಇಬ್ಬರು ಬಡಿದಾಡಿಕೊಂಡಿದ್ದರು ಎನ್ನುವ ಮಾತು ಬ್ರಿಟಿಷ್ ಅಧಿಕಾರಿಗೆ ಎಂದೂ ನಷ್ಟದ್ದಲ್ಲ.

ಧಾರವಾಡಕ್ಕೆ ಬೇಕಿದ್ದ ಮದ್ದುಗುಂಡು

ಆಲೂರು ವೆಂಕಟರಾಯರು ಹುಟ್ಟಿದ್ದು ವಿಜಾಪುರದಲ್ಲಿ, 1880ರಲ್ಲಿ. ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಅಲ್ಲಿ ತಿಲಕರು ಶಿವಾಜಿ ಉತ್ಸವ ನಡೆಸುತ್ತಿದ್ದ ಕಾಲ ಅದು. ಮರಾಠಿ ಹುಡುಗರಿಗೆ ಎದೆಯುಬ್ಬಿಸಲು ಒಬ್ಬ ರಾಜ, ಒಂದು ಕೋಟೆ, ಒಂದು ಕತೆ ಇತ್ತು. ಕನ್ನಡದ ಹುಡುಗನಿಗೆ ಏನಿತ್ತು? ಅವನ ನಾಡು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಧಾರವಾಡದ ಕಡೆ ಕಚೇರಿಯಲ್ಲೂ ಮರಾಠಿ, ಶಾಲೆಯಲ್ಲೂ ಮರಾಠಿ. ಕನ್ನಡ ಶಾಲೆ ತೆರೆಸಲು ಡೆಪ್ಯುಟಿ ಚನ್ನಬಸಪ್ಪನವರು ಒದ್ದಾಡಿದ್ದು ಹಳೆಯ ಮಾತೇನಲ್ಲ. ಆ ಕೆಲಸದಲ್ಲಿ ಅವರ ಬೆನ್ನಿಗಿದ್ದವರು ರಸೆಲ್ ಎಂಬ ಇಂಗ್ಲಿಷ್ ಅಧಿಕಾರಿ ಎನ್ನುವುದನ್ನೂ ಮರೆಯುವಂತಿಲ್ಲ.

ಈ ಹೊತ್ತಿನಲ್ಲಿ ಜೆ.ಎಫ್. ಫ್ಲೀಟ್ ಎಂಬ ಮುಂಬಯಿ ಸರ್ಕಾರದ ಅಧಿಕಾರಿ ಬರೆದ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಏನು ಕೆಲಸ ಮಾಡಿರಬಹುದು, ಊಹಿಸಿ. 1882ರಲ್ಲಿ ಅಚ್ಚಾದ ಒಣ ಪುಸ್ತಕ. ಶಕವರ್ಷ, ವಂಶಾವಳಿ, ತಾಮ್ರಪಟ, ದಾನದ ವಿವರ. ಆದರೆ ಬಾದಾಮಿಯಲ್ಲಿ ಕೂತ ಪುಲಕೇಶಿ ಉತ್ತರದ ಹರ್ಷನನ್ನು ತಡೆದ, ಮಾನ್ಯಖೇಟದ ಅರಸರ ಆಳ್ವಿಕೆ ದಖ್ಖನ್ನಿನ ಉದ್ದಗಲಕ್ಕೂ ಹಬ್ಬಿತ್ತು, ಇವರ ಶಾಸನಗಳಲ್ಲಿ ಕನ್ನಡವಿತ್ತು ಎನ್ನುವ ಸಂಗತಿ ಸರ್ಕಾರದ ಮುದ್ರೆಯೊಂದಿಗೆ ಕೈಗೆ ಸಿಕ್ಕಿತು. 1898ರಲ್ಲಿ ಕೆ.ಬಿ. ಪಾಠಕ್ ಸಂಪಾದಿಸಿದ ‘ಕವಿರಾಜಮಾರ್ಗ’ ಹೊರಬಂತು. ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡಿಗೆ ಒಂಬತ್ತನೇ ಶತಮಾನದ ಸಾಕ್ಷಿ ಸಿಕ್ಕಿತು. ಫ್ಲೀಟ್ ಸಾಹೇಬರು ಸಿದ್ಧಮಾಡಿದ್ದು ವಿದ್ವಾಂಸರ ಕಪಾಟಿಗೆ. ಧಾರವಾಡದವರು ಅದನ್ನು ಗಡಿ ವಾದಕ್ಕೆ, ಶಾಲೆ ವಾದಕ್ಕೆ, ಕೊನೆಗೆ ಏಕೀಕರಣದ ವಾದಕ್ಕೆ ಮದ್ದುಗುಂಡು ಮಾಡಿಕೊಂಡರು.

ಆಲೂರರು ಹಂಪಿ-ಆನೆಗೊಂದಿ ನೋಡಿ ಬಂದ ಮೇಲೆ ಮೊದಲಿನಂತೆ ಉಳಿಯಲಿಲ್ಲ. ಅವರ ಬರವಣಿಗೆ ‘ವಿದ್ಯಾರಣ್ಯ ಚರಿತ್ರೆ’ಯಿಂದ ಮೊದಲಾಯಿತು, 1914ರಲ್ಲಿ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ ಹುಟ್ಟಿತು, 1917ರಲ್ಲಿ ‘ಕರ್ನಾಟಕ ಗತವೈಭವ’ ಬಂತು. ಅದೇ 1917ರಲ್ಲಿ ಪುರಾತತ್ವ ಇಲಾಖೆಯ ಲಾಂಗ್‌ಹರ್ಸ್ಟ್ ‘ಹಂಪಿ ರೂಯಿನ್ಸ್’ ಎಂಬ ಕೈಪಿಡಿ ಹೊರತಂದರು. ನೋಡುತ್ತಿದ್ದ ಕಲ್ಲು ಒಂದೇ. ಇಂಗ್ಲಿಷ್ ಪುಸ್ತಕ ಹೋಗಿ ನೋಡಿಬನ್ನಿ ಎಂದಿತು, ಕನ್ನಡ ಪುಸ್ತಕ ಏಳಿ ಎಂದಿತು. ಈ ವ್ಯತ್ಯಾಸವನ್ನು ಕಡೆಗಣಿಸಿ ಆಲೂರರನ್ನು ಬರೀ ಸಿವೆಲ್-ಫ್ಲೀಟರ ನೆರಳು ಎನ್ನುವವರ ಜತೆ ನಾನು ಸೇರಲಾರೆ. ಪುರಾವೆ ಸಾಲವಾಗಿ ತಂದದ್ದು ನಿಜ, ಉದ್ದೇಶ ಅವರದೇ. ‘ಕರ್ನಾಟಕತ್ವ’ ಎಂಬ ಅವರ ಕಲ್ಪನೆ ಯಾವ ಸಿವಿಲ್ ಸರ್ವೆಂಟಿನ ತಲೆಯಲ್ಲೂ ಹುಟ್ಟುವಂಥದ್ದಲ್ಲ.

ಆದರೆ ಪುರಾವೆಯ ಜತೆಗೆ ಚೌಕಟ್ಟೂ ಬಂತಲ್ಲ, ಅದು ಬೇರೆ ವಿಷಯ.

ಜಪಾನಿನ ಸಮುರಾಯಿ ಫಿಲಡೆಲ್ಫಿಯಾದಲ್ಲಿ

ಪರರ ಪುಸ್ತಕದಲ್ಲಿ ತಮ್ಮನ್ನು ಓದಿಕೊಂಡವರು ನಾವೊಬ್ಬರೇ ಅಲ್ಲ, ಇಲ್ಲಿ ಜಪಾನಿನ ಮಾತು ತರಬೇಕು. ವಿದ್ಯಾರಣ್ಯಪುರದ ಪಕ್ಕದಲ್ಲಿ ಅದು ದೂರದ ಮಾತಲ್ಲ. ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ 1960ರ ದಶಕದ ಹೊಸ್ತಿಲಲ್ಲಿ ಶುರುವಾದದ್ದೇ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಜಪಾನ್ ಎಂದರೆ ಶಿಸ್ತು, ಸಮುರಾಯಿ ನಿಷ್ಠೆ, ಚಹಾ ಕುಡಿಯುವುದರಲ್ಲೂ ಧ್ಯಾನ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಜಪಾನೀಯರಲ್ಲೂ ಬೇರೂರಿದೆ. ಆದರೆ ಆ ಸಮುರಾಯಿ ಧರ್ಮದ ಅತ್ಯಂತ ಪ್ರಸಿದ್ಧ ಗ್ರಂಥ ಬರೆದದ್ದು ಜಪಾನೀ ಭಾಷೆಯಲ್ಲಲ್ಲ, ಇಂಗ್ಲಿಷಿನಲ್ಲಿ. ಮೊದಲು ಅಚ್ಚಾದದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ.

ಬರೆದವರು ಇನಾಜೊ ನಿತೊಬೆ. ಕ್ರೈಸ್ತರು, ಕ್ವೇಕರ್ ಪಂಥದವರು, ಹೆಂಡತಿ ಅಮೆರಿಕದವರು. ಬೆಲ್ಜಿಯಮ್ಮಿನ ವಿದ್ವಾಂಸರೊಬ್ಬರು ನಿಮ್ಮ ಶಾಲೆಗಳಲ್ಲಿ ಧರ್ಮಬೋಧೆ ಇಲ್ಲವೆಂದರೆ ಮಕ್ಕಳಿಗೆ ನೀತಿ ಹೇಗೆ ಕಲಿಸುತ್ತೀರಿ ಎಂದು ಕೇಳಿದರಂತೆ. ಆ ಪ್ರಶ್ನೆ ನಿತೊಬೆಯವರನ್ನು ಬಹುಕಾಲ ಕಾಡಿತು. ಬುಷಿಡೊ ಎಂಬ ಉತ್ತರ ಹೊಳೆಯಿತು. ಯುರೋಪಿನ ಅಶ್ವಾರೋಹಿ ವೀರರ ಶೀಲಕ್ಕೆ, ಬೈಬಲ್ಲಿಗೆ, ಶೇಕ್ಸ್‌ಪಿಯರನಿಗೆ ಹೋಲಿಸಿ ಹೋಲಿಸಿ ಅದನ್ನು ವಿವರಿಸಿದರು. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಓದಿ ಮೆಚ್ಚಿದರು. ಜಪಾನೀ ಭಾಷೆಯ ಅನುವಾದ ಬಂದದ್ದು 1908ರಲ್ಲಿ, ಆಮೇಲೆ. ಬೇರೆಯವರ ಅಳತೆಗೆ ಹೊಲಿದ ಅಂಗಿ ಊರಿಗೆ ಬಂದು ಹಬ್ಬದ ಉಡುಪಾಯಿತು. 1912ರಲ್ಲಿ ಬೇಸಿಲ್ ಹಾಲ್ ಚೇಂಬರ್ಲೇನ್ ಎಂಬ ಇಂಗ್ಲಿಷ್ ಪಂಡಿತರು ಇದು ಪ್ರಾಚೀನವಲ್ಲ, ಈಚೆಗೆ ಕಟ್ಟಿದ್ದು ಎಂದು ಬರೆದರೂ ಕೇಳುವವರು ಇರಲಿಲ್ಲ. ಅಂದರೆ ಕಟ್ಟುಕತೆಯನ್ನು ಬಯಲು ಮಾಡಿದವರೂ ಪಾಶ್ಚಾತ್ಯರೇ!

ಕಲೆಯ ಕತೆಯೂ ಹೀಗೇ. 1878ರಲ್ಲಿ ಟೋಕಿಯೋ ವಿಶ್ವವಿದ್ಯಾಲಯಕ್ಕೆ ತತ್ವಶಾಸ್ತ್ರ ಕಲಿಸಲು ಬಂದ ಅರ್ನೆಸ್ಟ್ ಫೆನಲೋಸ ಎಂಬ ಅಮೆರಿಕನ್, ಜನ ಬೇಡವೆಂದು ಬಿಟ್ಟಿದ್ದ ಹಳೆಯ ಚಿತ್ರ-ಶಿಲ್ಪಗಳ ಬೆನ್ನು ಹತ್ತಿದರು. 1884ರಲ್ಲಿ ಹೊರ್ಯುಜಿ ವಿಹಾರದ ಅರ್ಚಕರು ಬೇಡ, ಅನಾಹುತವಾಗುತ್ತದೆ ಎಂದರೂ ಕೇಳದೆ, ನೂರಾರು ಗಜ ಬಟ್ಟೆ ಸುತ್ತಿಟ್ಟಿದ್ದ ಅವಲೋಕಿತೇಶ್ವರನ ಪ್ರತಿಮೆ ಬಿಚ್ಚಿಸಿದರು. ಪೂಜೆಯ ಗುಟ್ಟಾಗಿದ್ದ ದೇವರು ಅಂದಿನಿಂದ ಕಲಾಕೃತಿಯೂ ಆದ. ಅವರ ಶಿಷ್ಯ, ಜತೆಗಾರ ಒಕಾಕುರಾ ಕಾಕುಜೊ ‘ದಿ ಬುಕ್ ಆಫ್ ಟೀ’ ಬರೆದದ್ದೂ ಇಂಗ್ಲಿಷಿನಲ್ಲಿ, 1906ರಲ್ಲಿ. ಇದೇ ಒಕಾಕುರಾ 1902ರಲ್ಲಿ ಕಲ್ಕತ್ತದಲ್ಲಿದ್ದರು. ವಿವೇಕಾನಂದರನ್ನು ಕಂಡರು, ಟಾಗೋರರ ಬಳಗದಲ್ಲಿ ಬೆರೆತರು. ಮರುವರ್ಷ ಲಂಡನ್ನಿನಲ್ಲಿ ಬಂದ ಅವರ ‘ದಿ ಐಡಿಯಲ್ಸ್ ಆಫ್ ದಿ ಈಸ್ಟ್’ ಪುಸ್ತಕಕ್ಕೆ ಮುನ್ನುಡಿ ಬರೆದವರು ಸೋದರಿ ನಿವೇದಿತಾ. ಏಷ್ಯಾ ಎಲ್ಲ ಒಂದೇ ಎಂದು ಸಾರಿದ ಆ ಪುಸ್ತಕದ ಮಾತನ್ನು ಮೂರು-ನಾಲ್ಕು ದಶಕ ಕಳೆದ ಮೇಲೆ ಜಪಾನಿನ ಸೇನಾವಾದಿಗಳು ತಮ್ಮ ದಂಡಯಾತ್ರೆಗೆ ಬಳಸಿಕೊಂಡರು.

ನಮಗೂ ಅವರಿಗೂ ಒಂದು ದೊಡ್ಡ ಫರಕು. ಜಪಾನಿಗೆ ಸ್ವಂತ ಸರ್ಕಾರವಿತ್ತು. ಒಕಾಕುರಾ ಸರ್ಕಾರದ ಕಲಾಶಾಲೆಯ ಮುಖ್ಯಸ್ಥರಾದರು, ಬುಷಿಡೊ ಸೈನ್ಯದ ಬ್ಯಾರಕ್ಕು ಹೊಕ್ಕಿತು. ಆಲೂರರ ಕೈಯಲ್ಲಿ ಇದ್ದದ್ದು ಪತ್ರಿಕೆ, ಭಾಷಣ ಮತ್ತು ಬಸವಳಿಯದ ಕಾಲು. ಹಾಗಾಗಿ ಜಪಾನಿನಲ್ಲಿ ಯುದ್ಧಕ್ಕೆ ದುಡಿದ ಇಂಥದೇ ಸರಕು ಇಲ್ಲಿ 1956ರ ಏಕೀಕರಣಕ್ಕೆ ದುಡಿಯಿತು. ಅದು ನಮ್ಮ ಪುಣ್ಯ.

ಮರೆತವರು ಯಾರು?

ಸಿವೆಲ್ ಪುಸ್ತಕದ ಹೆಸರಿನಲ್ಲೇ ಇರುವ ಆರೋಪವನ್ನು ನಾವು ತುಟಿ ಎರಡು ಮಾಡದೆ ಒಪ್ಪಿಕೊಂಡೆವು. ಕನ್ನಡಿಗರು ತಮ್ಮ ಸಾಮ್ರಾಜ್ಯವನ್ನು ಮರೆತಿದ್ದರು ಎನ್ನುವುದು ಆಲೂರರಿಂದ ಹಿಡಿದು ಇವತ್ತಿನ ರಾಜ್ಯೋತ್ಸವದ ಭಾಷಣದವರೆಗೆ ಎಲ್ಲರ ನಾಲಗೆಯ ಮೇಲಿದೆ. ನಿಜವಾಗಿ ಮರೆತಿದ್ದರೇ?

ಶೃಂಗೇರಿಯ ಜಗದ್ಗುರುಗಳ ಬಿರುದಾವಳಿಯಲ್ಲಿ ‘ಕರ್ನಾಟಕ ಸಿಂಹಾಸನ ಪ್ರತಿಷ್ಠಾಪನಾಚಾರ್ಯ’ ಎಂಬುದು ಇಂದಿಗೂ ಇದೆ. ಮೈಸೂರಿನ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ಹಿಡಿದ ವರ್ಷವೇ ವಿಜಯನಗರದ ಮಹಾನವಮಿಯನ್ನು ಅಲ್ಲಿ ಎತ್ತಿಕೊಂಡರು. ಅದೇ ನಮ್ಮ ದಸರಾ. ವಿರೂಪಾಕ್ಷನ ಪೂಜೆ, ರಥೋತ್ಸವ ಉಳಿದುಕೊಂಡವು. ಆನೆಗೊಂದಿಯಲ್ಲಿ ರಾಜಮನೆತನ ಇತ್ತು. ಪುರಂದರದಾಸರ ಪದ ಹಾಡದ ಮನೆ ಯಾವುದಿತ್ತು? ಕಂಪಿಲಿಯ ಕುಮಾರರಾಮನ ಕತೆ ಹದಿನಾರನೇ ಶತಮಾನದಲ್ಲಿ ನಂಜುಂಡ ಕವಿಯ ಸಾಂಗತ್ಯವಾಯಿತು. ಜನಪದರ ಬಾಯಲ್ಲಿ ಅದು ನಿಲ್ಲಲೇ ಇಲ್ಲ.

ಇನ್ನೂ ಹತ್ತಿರದ ಸಾಕ್ಷಿ ವಿದ್ಯಾರಣ್ಯಪುರದ ಪಕ್ಕದ ಯಲಹಂಕದಲ್ಲಿದೆ. ಯಲಹಂಕ ನಾಡಪ್ರಭುಗಳು ವಿಜಯನಗರದ ಸಾಮಂತರು. ಆ ಮನೆತನದ ಹಿರಿಯ ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದರು. ಅವರ ಬಗ್ಗೆ ಜನರಲ್ಲಿ ಉಳಿದ ಕತೆಯೇನು? ಅಪ್ಪಣೆಯಿಲ್ಲದೆ ಸ್ವಂತ ನಾಣ್ಯ ಟಂಕಿಸಿದ್ದಕ್ಕೆ ರಾಯರು ಸಿಟ್ಟಾಗಿ ಆನೆಗೊಂದಿಯ ಸೆರೆಯಲ್ಲಿ ಐದು ವರ್ಷ ಇಟ್ಟರು ಎಂಬುದು. ಈ ಸೀಮೆಯ ಒಕ್ಕಲು ಮಕ್ಕಳಿಗೆ ವಿಜಯನಗರವೆಂದರೆ ಧರ್ಮದ ಕೋಟೆಯೂ ಅಲ್ಲ, ಮುತ್ತಿನ ರಾಶಿಯೂ ಅಲ್ಲ. ಕಪ್ಪ ಕೇಳುವ, ತಪ್ಪಿದರೆ ಕೈಕೋಳ ತೊಡಿಸುವ ದೂರದ ದೊರೆಮನೆ. ಇದೂ ನೆನಪೇ. ಗತವೈಭವದ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೆ.

ಹಾಗಾದರೆ 1900ರ ನಂತರ ಆದದ್ದು ಮರೆವಿನಿಂದ ಎಚ್ಚರವಲ್ಲ. ಮಠದ ನೆನಪು, ಅರಮನೆಯ ನೆನಪು, ಹಾಡಿನ ನೆನಪು, ಸೆರೆಯ ನೆನಪು ಎಂದು ನಾನಾ ಬಗೆಯಲ್ಲಿದ್ದದ್ದನ್ನೆಲ್ಲ ಬದಿಗೊತ್ತಿ ಒಂದೇ ಬಗೆಯ ನೆನಪು ಮೇಲೆ ಕೂತಿತು: ಏಳು, ಬೀಳು, ಪಾಳು.

ಪಾದ್ರಿ ಎತ್ತಿದ ಜಗಳ

ಈಗ ವಿದ್ಯಾರಣ್ಯರಿಗೇ ಬರೋಣ. ಮುಂಬಯಿಯ ಸೇಂಟ್ ಕ್ಸೇವಿಯರ್ಸ್ ಕಾಲೇಜಿನಲ್ಲಿ ಚರಿತ್ರೆ ಕಲಿಸುತ್ತಿದ್ದ ಸ್ಪೇನ್ ದೇಶದ ಜೆಸ್ಯುಯಿಟ್ ಪಾದ್ರಿ ಹೆನ್ರಿ ಹೆರಾಸ್ 1929ರಲ್ಲಿ ‘ಬಿಗಿನಿಂಗ್ಸ್ ಆಫ್ ವಿಜಯನಗರ ಹಿಸ್ಟರಿ’ ಎಂಬ ಚಿಕ್ಕ ಪುಸ್ತಕ ಬರೆದು ಜೇನುಗೂಡಿಗೆ ಕಲ್ಲು ಹೊಡೆದರು. ಅವರು ಹೇಳಿದ್ದು ಎರಡು ಮಾತು. ವಿಜಯನಗರದ ಬೇರು ಆಂಧ್ರದ ವರಂಗಲ್ಲಿನಲ್ಲಿಲ್ಲ, ಹೊಯ್ಸಳ ಮೂರನೇ ಬಲ್ಲಾಳನ ರಾಜ್ಯದಲ್ಲಿದೆ, ಅಂದರೆ ಕನ್ನಡ ನೆಲದಲ್ಲಿದೆ. ಎರಡನೆಯದು, ವಿದ್ಯಾರಣ್ಯರು ಸಾಮ್ರಾಜ್ಯ ಸ್ಥಾಪಿಸಿದರು ಎನ್ನುವುದು ಶೃಂಗೇರಿಯವರು ಎರಡು ಶತಮಾನ ಕಳೆದ ಮೇಲೆ ಕಟ್ಟಿದ ಕತೆ.

ನಮ್ಮವರು ಮೊದಲನೆಯ ಮಾತಿಗೆ ಚಪ್ಪಾಳೆ ತಟ್ಟಿದರು, ಎರಡನೆಯದಕ್ಕೆ ಕೆಂಡವಾದರು. ಪಾದ್ರಿ ಒಂದೇ ಪುಸ್ತಕದಲ್ಲಿ ಅರ್ಧ ಪ್ರಾಮಾಣಿಕ ವಿದ್ವಾಂಸ, ಇನ್ನರ್ಧ ಹಿಂದೂ ದ್ವೇಷಿ! ತೆಲುಗರು ಅದನ್ನೇ ತಿರುಗಿಸಿ ಓದಿದರು. 1933ರಲ್ಲಿ ಎನ್. ವೆಂಕಟರಮಣಯ್ಯ ತೆಲುಗು ಮೂಲದ ಪರ ಪುಸ್ತಕ ಬರೆದರು, ಮರುವರ್ಷ ಬಿ.ಎ. ಸಾಲೆತೊರೆಯವರ ದೊಡ್ಡ ಗ್ರಂಥ ಬಂತು. 1936ರಲ್ಲಿ ಆರುನೂರನೇ ವರ್ಷದ ಉತ್ಸವ ನಡೆದು ಧಾರವಾಡದಿಂದ ಸ್ಮರಣ ಸಂಪುಟ ಹೊರಟಿತು. ಇಷ್ಟೆಲ್ಲ ಕಾದಾಟದಲ್ಲಿ ಭಾಷೆ ಇಂಗ್ಲಿಷು, ತೀರ್ಪುಗಾರರು ಎಪಿಗ್ರಫಿ ಸಂಪುಟಗಳು.

ಆ ಸಂಪುಟಗಳು ಏನು ಹೇಳುತ್ತವೆ? 1346ರಲ್ಲಿ ಹರಿಹರ ಮತ್ತವನ ತಮ್ಮಂದಿರು ವಿಜಯೋತ್ಸವ ಮಾಡಿ ಶೃಂಗೇರಿಗೆ ಬಂದು ಭಾರತೀತೀರ್ಥರಿಗೆ ಭೂಮಿ ಬಿಟ್ಟರು ಎನ್ನುವ ಶಾಸನವಿದೆ. ಅದರಲ್ಲಿ ವಿದ್ಯಾರಣ್ಯರ ಹೆಸರಿಲ್ಲ. ವಿದ್ಯಾರಣ್ಯರು ಮಠದ ಪೀಠದಲ್ಲಿ ಕೂತದ್ದು 1380ರ ಸುಮಾರಿಗೆ, ತೀರಿಕೊಂಡದ್ದು 1386ರಲ್ಲಿ. 1336ರ ಸ್ಥಾಪನೆಯನ್ನು ಅವರಿಗೆ ಹಚ್ಚುವ ತಾಮ್ರಪಟಗಳನ್ನು ಬಹುತೇಕ ವಿದ್ವಾಂಸರು ಖೊಟ್ಟಿ ಎಂದು ಪಕ್ಕಕ್ಕಿಟ್ಟಿದ್ದಾರೆ. 1985ರಲ್ಲಿ ಜರ್ಮನಿಯ ಹರ್ಮನ್ ಕುಲ್ಕೆ ಇದನ್ನೆಲ್ಲ ಮತ್ತೆ ಜಾಲಾಡಿದರು. ಹೆರಾಸರ ಹಾಗೆ ವಂಚನೆ ಎಂದು ಜರೆಯದೆ, ಸಂಗಮ ಅರಸರೂ ಶೃಂಗೇರಿಯೂ ಹೇಗೆ ಒಬ್ಬರನ್ನೊಬ್ಬರು ಬೆಳೆಸಿದರು, ಅದರಲ್ಲಿ ವಿದ್ಯಾರಣ್ಯರ ಪಾತ್ರ ಎಷ್ಟು ದೊಡ್ಡದು ಎಂದು ತೋರಿಸಿದರು. ಮೊಲ-ನಾಯಿಯ ಕತೆಗಿಂತ ಈ ವಿದ್ಯಾರಣ್ಯರು ನನಗೆ ಹೆಚ್ಚು ಆಸಕ್ತಿಕರ. ಕತ್ತಿ ಹಿಡಿದವರ ಬೆನ್ನು ತಟ್ಟಿದ ಗುರುವಿಗಿಂತ, ‘ಪಂಚದಶಿ’ ಬರೆದು, ‘ಜೀವನ್ಮುಕ್ತಿವಿವೇಕ’ ಬರೆದು, ಮಠವನ್ನು ನೆಲೆ ನಿಲ್ಲಿಸಿದ ಪಂಡಿತ.

ಪಾಂಡಿತ್ಯದ ಮಾತು ಬಂತು. ಸಂಪ್ರದಾಯ ಅವರ ತಮ್ಮನೆನ್ನುವ ಸಾಯಣಾಚಾರ್ಯರು ಬುಕ್ಕರಾಯನ ಆಶ್ರಯದಲ್ಲಿ ವೇದಗಳಿಗೆ ಭಾಷ್ಯ ಬರೆದರು. ಮ್ಯಾಕ್ಸ್ ಮುಲ್ಲರ್ 1849ರಿಂದ 1874ರವರೆಗೆ, ಈಸ್ಟ್ ಇಂಡಿಯಾ ಕಂಪನಿಯ ಹಣದಿಂದ ಶುರುಮಾಡಿ, ಆಕ್ಸ್‌ಫರ್ಡಿನಲ್ಲಿ ಆರು ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಋಗ್ವೇದ ಸಾಯಣಭಾಷ್ಯದೊಂದಿಗಿನ ಋಗ್ವೇದ. ನಮ್ಮ ಪಂಡಿತರು ಅವರನ್ನು ಪ್ರೀತಿಯಿಂದ ‘ಮೋಕ್ಷಮೂಲರ’ ಎಂದು ಕರೆದರು. ಹಂಪಿಯ ಓದು ಆಕ್ಸ್‌ಫರ್ಡಿಗೆ ಹೋಗಿ ಮುದ್ರೆ ಒತ್ತಿಸಿಕೊಂಡು ಬಂದ ಮೇಲೆ ಇಂಗ್ಲಿಷ್ ಓದಿದ ನಮ್ಮವರಿಗೆ ಅದರ ಮೇಲೆ ಗೌರವ ಹೆಚ್ಚಿತು.

ಚೌಕಟ್ಟಿನಾಚೆ ಬಿದ್ದದ್ದು

ಗೋಡೆಯ ಕತೆಗೆ ಹೊಂದದ ಸಂಗತಿಗಳು ಹಂಪಿಯಲ್ಲಿ ಕಣ್ಣೆದುರೇ ಬಿದ್ದಿವೆ. ವಿಜಯನಗರದ ಅರಸರು ತಮ್ಮನ್ನು ಹೆಮ್ಮೆಯಿಂದ ‘ಹಿಂದೂರಾಯ ಸುರತ್ರಾಣ’ ಎಂದು ಕರೆದುಕೊಂಡರು. ಸುರತ್ರಾಣ ಎಂದರೆ ಸುಲ್ತಾನನೇ. ಸುಲ್ತಾನರನ್ನು ತಡೆಯಲೆಂದೇ ಹುಟ್ಟಿದವನು ತಾನೂ ಸುಲ್ತಾನ ಎಂದು ಶಾಸನ ಕೆತ್ತಿಸುವುದು ಯಾಕೆ? ಅಮೆರಿಕದ ಫಿಲಿಪ್ ವ್ಯಾಗನರ್ 1996ರಲ್ಲಿ ಇದನ್ನೇ ಹಿಡಿದು ಒಳ್ಳೆಯ ಪ್ರಬಂಧ ಬರೆದರು. ಆಸ್ಥಾನದ ಉಡುಪಾಗಿದ್ದ ಕಬಾಯಿ ಮತ್ತು ಎತ್ತರದ ಕುಲ್ಲಾಯಿ ಅರಬ್-ಪಾರಸಿ ಸೀಮೆಯ ಶಿಷ್ಟಾಚಾರದಿಂದ ಬಂದವು ಎಂದು ತೋರಿಸಿದರು. ತಿರುಮಲೆಯಲ್ಲಿ ಕೈಮುಗಿದು ನಿಂತ ಕೃಷ್ಣದೇವರಾಯನ ಪ್ರತಿಮೆಯ ತಲೆಯ ಮೇಲಿರುವುದು ಅದೇ ಕುಲ್ಲಾಯಿ. ದೊರೆಗೆ ಅದರಲ್ಲಿ ಮುಜುಗರ ಕಾಣಲಿಲ್ಲ. ಅದು ಆ ಕಾಲದ ದೊಡ್ಡ ಲೋಕದ ರಾಜಠೀವಿ.

ಇಮ್ಮಡಿ ದೇವರಾಯನ ಸೇನೆಯಲ್ಲಿ ಮುಸ್ಲಿಂ ಬಿಲ್ಲುಗಾರರಿದ್ದರು. ಅವನ ಅಧಿಕಾರಿ ಅಹ್ಮದ್ ಖಾನ್ 1439ರಲ್ಲಿ ಹಂಪಿಯಲ್ಲೊಂದು ಮಸೀದಿ ಕಟ್ಟಿಸಿದ. ಗುಮ್ಮಟವಿಲ್ಲ, ಕಂಬದ ಮಂಟಪದ ಹಾಗಿದೆ. ಅದರ ಕನ್ನಡ ಶಾಸನ ಆ ಕಟ್ಟಡವನ್ನು ಕರೆಯುವುದು ಧರ್ಮಸಾಲೆ ಎಂದು. ಹಂಪಿಗೆ ಹೋದವರು ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಇದನ್ನು ನೋಡಿದವರು ಕಡಿಮೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಬಂದ ವ್ಯಾಜ್ಯವನ್ನು ಬುಕ್ಕರಾಯ ಬಗೆಹರಿಸಿ ಶ್ರವಣಬೆಳಗೊಳದಲ್ಲಿ ಶಾಸನ ಹಾಕಿಸಿದ್ದನ್ನು ನಾವು ಸಹಿಷ್ಣುತೆಯ ಪಾಠವಾಗಿ ಓದುತ್ತೇವೆ. ಅದೇ ಪಾಠದ ಪಕ್ಕದಲ್ಲಿ ಅಹ್ಮದ್ ಖಾನನಿಗೆ ಎರಡು ಸಾಲು ಜಾಗ ಸಿಗುವುದಿಲ್ಲ.

ಸರ್ಕಾರ ಬದಲಾದಾಗಲೆಲ್ಲ ಪಠ್ಯಪುಸ್ತಕದ ಜಗಳ ಏಳುತ್ತದಲ್ಲ, ಅಲ್ಲಿ ಒಬ್ಬರು ಗೋಡೆ ಇತ್ತು ಎನ್ನುತ್ತಾರೆ, ಇನ್ನೊಬ್ಬರು ಗೋಡೆಯ ಮಾತು ಬೇಡ ಎನ್ನುತ್ತಾರೆ. ಪ್ರಶ್ನೆ ಗೋಡೆಯದೇ ಎಂದು ತೀರ್ಮಾನಿಸಿದವರು ಸಿವೆಲ್ ಎನ್ನುವುದು ಇಬ್ಬರ ಗಮನಕ್ಕೂ ಬರುವುದಿಲ್ಲ.

ಹೀಗೆಂದ ಮಾತ್ರಕ್ಕೆ ಪರದೇಶದವರು ಮಾಡಿದ್ದೆಲ್ಲ ಸಂಚು ಎನ್ನುವುದು ಸೋಮಾರಿತನ. ಮೊದಲನೆಯದಾಗಿ, ಅದನ್ನು ಅವರೊಬ್ಬರೇ ಮಾಡಲಿಲ್ಲ. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆಗೆ ಬಂದ ಕರ್ನಲ್ ಮೆಕೆಂಜಿಗೆ ಊರೂರಿನ ಕೈಫಿಯತ್ತು, ಶಾಸನ ಕೂಡಿಸಿ ಕೊಟ್ಟವರು ಕಾವಲಿ ಬೊರಯ್ಯ, ಲಕ್ಷ್ಮಯ್ಯ ಎಂಬ ಅಣ್ಣತಮ್ಮಂದಿರು. ಸಂಗ್ರಹಕ್ಕೆ ಉಳಿದದ್ದು ಮೆಕೆಂಜಿಯ ಹೆಸರು. ಎರಡನೆಯದಾಗಿ, ಯಾರು ಪರದೇಶದವರು? ಬಿ.ಎಲ್. ರೈಸ್ ಹುಟ್ಟಿದ್ದೇ ಬೆಂಗಳೂರಿನಲ್ಲಿ, 1837ರಲ್ಲಿ, ಮಿಷನರಿಯೊಬ್ಬರ ಮಗನಾಗಿ. ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿಗೆ ಸೇರಿಸಿದರು. ಶೃಂಗೇರಿಯಿರುವ ಕಡೂರು ಜಿಲ್ಲೆಯ ಸಂಪುಟ ಬಂದದ್ದು 1901ರಲ್ಲಿ, ಸಿವೆಲ್ ಪುಸ್ತಕದ ಮರುವರ್ಷ. ಸಿವೆಲ್ ಹೇಳಿದ ಕತೆಯನ್ನು ತಿದ್ದುವ ಕಲ್ಲೂ ಅದೇ ಕಾಲದ ಅಚ್ಚಿನಲ್ಲಿ ಸಿಕ್ಕಿತು.

ಬೆಂಗಳೂರು ಜಿಲ್ಲೆಯ ಸಂಪುಟ 1905ರದು. ರೈಸ್ ನೋಡಿ ಬರೆದುಕೊಂಡ ಎಷ್ಟೋ ಕಲ್ಲುಗಳು ಅಪಾರ್ಟ್‌ಮೆಂಟು, ರಸ್ತೆ, ಚರಂಡಿಗಳಡಿ ಹೋಗಿವೆ. ಅವರ ಕಣ್ಣಿಗೆ ಬೀಳದೆ ಹೋದದ್ದು ಒಂದೊಂದು ಮೇಲೆದ್ದೂ ಬರುತ್ತದೆ. 2018ರಲ್ಲಿ ಹೆಬ್ಬಾಳದಲ್ಲಿ ರಸ್ತೆ ಅಗೆಯುವಾಗ ಸಿಕ್ಕ ವೀರಗಲ್ಲನ್ನು ಓದಿದಾಗ ಅದು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು ಎಂದು ತಿಳಿಯಿತು. ಬೆಂಗಳೂರಿನಲ್ಲಿ ಸಿಕ್ಕ ಕನ್ನಡ ಶಾಸನಗಳಲ್ಲಿ ಅತಿ ಹಳೆಯದು. ಊರ ಮೇಲೆ ಬಿದ್ದವರನ್ನು ಎದುರಿಸಿ ಸತ್ತ ಕಿತ್ತಯ ಎಂಬವನ ಕಲ್ಲು ಅದು. ಈ ಸೀಮೆಯನ್ನು ಪೆರ್ಬೊಳಲ್ನಾಡು ಮೂವತ್ತು ಎಂದು ಕರೆಯುತ್ತದೆ. ಅದನ್ನು ಉಳಿಸಿಕೊಳ್ಳಲು ಓಡಾಡಿದವರು ಊರಿನವರು ಮತ್ತು ಶಾಸನದ ಹುಚ್ಚು ಹತ್ತಿಸಿಕೊಂಡ ನಗರವಾಸಿಗಳು. ಇಂಥ ಕಲ್ಲುಗಳನ್ನೆಲ್ಲ ಹುಡುಕಿ ತ್ರೀಡಿ ಸ್ಕ್ಯಾನ್ ಮಾಡಿ, ಅಕ್ಷರ ಅಕ್ಷರ ಬಿಡಿಸಿ ಯಾರು ಬೇಕಾದರೂ ಓದಲು ಬಿಡುತ್ತಿರುವುದು ಮಿಥಿಕ್ ಸೊಸೈಟಿ, 1909ರಲ್ಲಿ ಎಫ್.ಜೆ. ರಿಚರ್ಡ್ಸ್ ಎಂಬ ಐಸಿಎಸ್ ಅಧಿಕಾರಿ, ಫಾದರ್ ತಬಾರ್ ಮೊದಲಾದವರು ಸೇರಿ ಕಟ್ಟಿದ್ದ ಸಂಸ್ಥೆ. ಈಗ ಅದರ ಶಾಸನದ ಕೆಲಸ ನಡೆಯುತ್ತಿರುವುದು ಕನ್ನಡ ಬಲ್ಲವರ ಕೈಯಲ್ಲಿ. ಓದಿದ್ದರಲ್ಲಿ ಅನುಮಾನ ಬಂದರೆ ಹಳಗನ್ನಡ ಗೊತ್ತಿದ್ದವರು ಸ್ಕ್ಯಾನ್ ತೆಗೆದು ಅಕ್ಷರ ನೋಡಿ ತಕರಾರು ತೆಗೆಯಬಹುದು.